ಟರ್ಕಿ ಕೋಳಿ ಟ್ಯಾಕ್ಸಿಡರ್ಮಿ ಮತ್ತ ಹೊಸಾ ಛರ್ರಾ

ನಮ್ಮ ಕಲಬುರಗ್ಯಾಗ ಕಾಡುಪ್ರಾಣಿ ಶಿಕಾರಿ 1972ರ ಕಾಯ್ದಾದಿಂದ ಬಂದ್ ಅದ, ಅದು ಛಲೋನೇ ಆಗ್ಯದ, ಆದ್ರ ಅಮೆರಿಕಾದಾಗ ಇರೋ ನಮ್ಮ ಕಾಕಾನ ಮಗ ಲೈಸೆನ್ಸ್ ತಗೊಂಡು ಟರ್ಕಿ ಕೋಳಿ ಹೊಡಿತಾನ, ಅದನ್ನ ಟ್ಯಾಕ್ಸಿಡರ್ಮಿ ಮಾಡಸ್ತಾನ, ಅಂದ್ರ ತೊಗಲು ಪುಚ್ಚ ಉಳಿಸಿ ಜೀವಂತ ಇದ್ದಂಗ ನಿಲ್ಲಸ್ತಾರಲ್ಲ, ಅದು. ಈಗ ಅಲ್ಲಿ ಟಂಗ್‌ಸ್ಟನ್ ಅನ್ನೋ ಭಾರದ ಲೋಹದ ಛರ್ರಾ (ಬಂದೂಕಿನ ತೋಟಾದಾಗ ತುಂಬೋ ಸಣ್ಣ ಕಾಳು) ಬಂದಾವ ನೋಡ್ರಿ, ಸೀಸದ ಸಾಂದ್ರತೆ ಸಿಸಿಗೆ 11.3 ಗ್ರಾಂ ಇದ್ರ ಇವುಂದು ಸುಮಾರು 18, ಹಂಗಾಗಿ 9 ನಂಬರಿನ ಸಣ್ಣ ಕಾಳುನೂ ದೂರ ಹೋಗಿ ಆಳಕ್ಕ ಹೊಕ್ಕತಾವ, ಒಂದು ತೋಟಾದಾಗ ಕಾಳುನೂ ಭಾಳ ಹಿಡಿತಾವ. ಖರೆ, ಹತ್ರದಿಂದ ಹೊಡದ್ರ ತಲಿ ಕುತ್ತಿಗಿ ಚಿಂದಿ ಆಗ್ತದ, ಎದಿ ಪುಚ್ಚ ಕತ್ತರಿಸಿ ಬೀಳ್ತಾವ. ತಲಿ ಹೋತಂದ್ರ ಬ್ಯಾರೆ ಕೋಳಿದು ಫ್ರೀಜ್-ಡ್ರೈ ಮಾಡಿದ (ಹೆಪ್ಪುಗಟ್ಟಿಸಿ ಒಣಗಿಸಿದ) ತಲಿ, ಇಲ್ಲಾ ಅಚ್ಚಿನ ತಲಿ ಕೂಡಸಬೇಕು, ಖರ್ಚು ಏರ್ತದ. ತೋಟಾನೂ ಸೀಸದ್ದಕ್ಕಿಂತ ಭಾಳ ತುಟ್ಟಿ! ಬಾಲ ಬಿಚ್ಚಿ ಕುಣಿಯೋವಾಗ ಹೊಡೀಬ್ಯಾಡಪ್ಪ, ಕುತ್ತಿಗಿ ಚಾಚಿ ನಿಲ್ಲೋತನಕ ತಡಿ, ಪುಚ್ಚ ಉಳಿತಾವ ಅಂತ ಅವಗ ಹೇಳೀನಿ.