ಹಿಂದಿನ ಹೌಸಿಂಗ್‌ನಲ್ಲಿ ಎಷ್ಟರ ರೇಶಿಯೋ?

ಸಕಲೇಶಪುರ ಕಡೆಯ ಕಾಫಿ ತೋಟವೊಂದರ ಹಳೆಯ ಮಹೀಂದ್ರಾ ಜೀಪು. ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳ ನಡುವಿನ, ಡಿಫರೆನ್ಷಿಯಲ್ ಗೇರುಗಳನ್ನು ಹೊತ್ತ ಆಕ್ಸಲ್ ಪೆಟ್ಟಿಗೆ) ಗುಜರಿಯಿಂದ ತಂದು ಕೂರಿಸಿದ್ದು. ಒಳಗೆ ಎಷ್ಟರ ಕ್ರೌನ್-ಪಿನಿಯನ್ (ಶಾಫ್ಟ್ ತುದಿಯ ಚಿಕ್ಕ ಗೇರು ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರು ಕ್ರೌನ್) ಇದೆಯೋ ಯಾರಿಗೂ ಗೊತ್ತಿಲ್ಲ. ಈ ಜೀಪುಗಳಲ್ಲಿ ಹೆಚ್ಚಾಗಿ ಸಿಗುವ ರೇಶಿಯೋ 5.38 ಅಥವಾ 4.88, ಆಗೀಗ 4.27. ಅಂದರೆ ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 8. ಇಲ್ಲವೇ 39ಕ್ಕೆ 8. ಇಲ್ಲವೇ 47ಕ್ಕೆ 11. ಕವರ್ ಬಿಚ್ಚಿ ಹಲ್ಲು ಎಣಿಸಬಹುದು, ಆದರೆ ಆಯಿಲ್ ಇಳಿಸಬೇಕು, ಹೊಸ ಗ್ಯಾಸ್ಕೆಟ್ ಹಾಕಬೇಕು. ಓಡುವ ಗಾಡಿಗೆ ಅದರ ಅಗತ್ಯವಿಲ್ಲ.

ಲೆಕ್ಕ ಸುಲಭ. ಎಂಜಿನ್ ಆರ್‌ಪಿಎಂ ಅನ್ನು ಟಯರಿನ ಸುತ್ತಳತೆಯಿಂದ (ಮೀಟರಿನಲ್ಲಿ) ಗುಣಿಸಿ, 60ರಿಂದ ಗುಣಿಸಿ, ಗಂಟೆಗೆ ಎಷ್ಟು ಮೀಟರ್ ಓಡುತ್ತಿದೆಯೋ ಅದರಿಂದ ಭಾಗಿಸಿದರೆ ಆಯಿತು. ನಾಲ್ಕನೇ ಗೇರ್ ಡೈರೆಕ್ಟ್ (ಎಂಜಿನ್ನಿನಷ್ಟೇ ಸುತ್ತು), ಟ್ರಾನ್ಸ್‌ಫರ್ ಕೇಸ್‌ನ (ಮುಂದಿನ-ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹೈ ಕೂಡ ಒಂದಕ್ಕೊಂದು. ಹಾಗಾಗಿ ಬಂದ ಉತ್ತರವೇ ಡಿಫರೆನ್ಷಿಯಲ್ ರೇಶಿಯೋ. ಓವರ್‌ಡ್ರೈವ್ (ಎಂಜಿನ್ನಿಗಿಂತ ಶಾಫ್ಟ್ ವೇಗವಾಗಿ ತಿರುಗುವುದು) ಇರುವ ಐದನೇ ಗೇರಿನಲ್ಲಿ ಅಳೆದರೆ ಆ ಗೇರಿನ ರೇಶಿಯೋದಿಂದ ಮತ್ತೊಮ್ಮೆ ಭಾಗಿಸಬೇಕು.

ಸ್ಪೀಡೋಮೀಟರನ್ನು ಮಾತ್ರ ನಂಬಲೇಬಾರದು. ಜೀಪಿನ ಸ್ಪೀಡೋ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸ್‌ನಿಂದ, ಡಿಫರೆನ್ಷಿಯಲ್‌ಗಿಂತ ಮೊದಲು. ಹೌಸಿಂಗ್ ಬದಲಾದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಅದು ತೋರಿಸುವ ವೇಗ ಹಿಡಿದು ಲೆಕ್ಕ ಹಾಕಿದರೆ, ಸ್ಪೀಡೋವನ್ನು ಯಾವ ರೇಶಿಯೋಗೆ ಹೊಂದಿಸಿದ್ದರೋ ಅದೇ ತಿರುಗಿ ಬರುತ್ತದೆ. ಉತ್ತರ ನೀಟಾಗಿ ಹೊಂದುವುದರಿಂದ ತಪ್ಪೆಂದು ಅನುಮಾನವೂ ಬರುವುದಿಲ್ಲ. ವೇಗಕ್ಕೆ ಫೋನಿನ ಜಿಪಿಎಸ್ ಸಾಕು.

ಆರ್‌ಪಿಎಂಗೆ ಆಲ್ಟರ್ನೇಟರಿನ ಡಬ್ಲ್ಯೂ ಟರ್ಮಿನಲ್‌ನಿಂದ (ತಿರುಗುವ ವೇಗಕ್ಕೆ ತಕ್ಕ ಸಿಗ್ನಲ್ ಕೊಡುವ ತುದಿ) ಒಂದು ಆರ್‌ಪಿಎಂ ಮೀಟರಿಗೆ ವೈರ್ ಎಳೆದುಕೊಂಡದ್ದಾಯಿತು. ಕ್ರ್ಯಾಂಕ್ ಪುಲ್ಲಿಗೆ ಹೊಳೆಯುವ ಟೇಪ್ ಅಂಟಿಸಿ, ಗಾಡಿ ನಿಂತಿರುವಾಗಲೇ ಲೇಸರ್ ಟ್ಯಾಕೋಮೀಟರಿನ ಅಂಕಿಯೊಂದಿಗೆ ಈ ಮೀಟರನ್ನು ತಾಳೆ ನೋಡಬೇಕು. ಆಲ್ಟರ್ನೇಟರನ್ನು ತಿರುಗಿಸುವ ಫ್ಯಾನ್ ಬೆಲ್ಟ್ ಸಡಿಲವಿದ್ದರೆ ಇಲ್ಲೇ ಮೋಸ.

ಇನ್ನು ಟಯರು. 215/75 ಆರ್15 ಎಂಬ ಸೈಜಿನಿಂದ ಲೆಕ್ಕ ಹಾಕಿದರೆ ವ್ಯಾಸ 703.5 ಮಿ.ಮೀ., ಸುತ್ತಳತೆ 2.21 ಮೀಟರ್. ಭಾರ ಬಿದ್ದ ಟಯರು ಒಂದು ಸುತ್ತಿಗೆ ಅಷ್ಟು ದೂರ ಹೋಗುವುದಿಲ್ಲ. ಗಾಳಿ ಸರಿಮಾಡಿ, ಓಡಿಸುವವರು ಸೀಟಿನಲ್ಲಿ ಕೂತಿರುವಾಗಲೇ ಟಯರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಐದು ಸುತ್ತು ತಳ್ಳಿ ಟೇಪು ಹಿಡಿದಾಗ ಬಂದದ್ದು 10.72 ಮೀಟರ್. ಅಂದರೆ ಸುತ್ತಿಗೆ 2.144.

ಹಾಸನದ ಕಡೆಯ ಹೆದ್ದಾರಿಯ ಸಮತಟ್ಟಾದ ಜಾಗದಲ್ಲಿ, ನಾಲ್ಕನೇ ಗೇರಿನಲ್ಲಿ, ಜಿಪಿಎಸ್ 50ರಲ್ಲಿ ಅಲುಗದೆ ನಿಂತಾಗ ಆರ್‌ಪಿಎಂ 1900. ಲೆಕ್ಕ: 1900 × 2.144 × 60 ÷ 50,000 = 4.89. ಸೈಜಿನ 2.21 ಹಾಕಿದ್ದರೆ 5.04 ಬಂದು, 4.88, 5.38 ಎರಡಕ್ಕೂ ಸೇರದೆ ಕಾಡುತ್ತಿತ್ತು. ಕ್ಲಚ್ ಜಾರುತ್ತಿದ್ದರೂ ಉತ್ತರ ಹೀಗೆಯೇ ಮೇಲೇರುತ್ತದೆ. ಆಟೋಮ್ಯಾಟಿಕ್ ಗಾಡಿಯಾದರೆ ಟಾರ್ಕ್ ಕನ್ವರ್ಟರ್ (ಕ್ಲಚ್ ಜಾಗದಲ್ಲಿರುವ ಭಾಗ) ಜಾರದಂತೆ ಲಾಕ್ ಆಗಿರಲೇಬೇಕು. ಮೀಟರಿನಲ್ಲಿ 50 ಆರ್‌ಪಿಎಂ ಏರುಪೇರಾದರೆ ಉತ್ತರದಲ್ಲಿ 0.13 ವ್ಯತ್ಯಾಸ, ಅಷ್ಟು ನಡೆಯುತ್ತದೆ. ಹಲ್ಲುಗಳ ಲೆಕ್ಕ ನಿಗದಿಯಾದದ್ದು, ಹತ್ತಿರದ್ದನ್ನು ಆರಿಸಿಕೊಂಡರಾಯಿತು. ಇಲ್ಲಿ ಅದು 39/8.

ಖಚಿತಕ್ಕೆ ಕೈಯಿಂದಲೂ ತಿರುಗಿಸಿ ನೋಡಬೇಕು. ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು (ಟ್ರಾನ್ಸ್‌ಫರ್ ಕೇಸ್‌ನಿಂದ ಹೌಸಿಂಗ್‌ಗೆ ಹೋಗುವ ಉದ್ದ ಶಾಫ್ಟ್), ಹಾಗಾಗಿ ಅದನ್ನು ಬಿಟ್ಟಿರಬೇಕು. ನೆಲದ ಮೇಲಿರುವ ಚಕ್ರಗಳಿಗೆಲ್ಲ ಭದ್ರವಾಗಿ ಕಲ್ಲು ಕೊಟ್ಟ ಮೇಲಷ್ಟೇ ಜಾಕಿ, ಕೆಳಗೊಂದು ಸ್ಟ್ಯಾಂಡ್. ಗೇರ್ ನ್ಯೂಟ್ರಲ್. ಒಂದೇ ಹಿಂದಿನ ಚಕ್ರ ಎತ್ತಿದಾಗ, ಅದು ಎರಡು ಸುತ್ತು ತಿರುಗಿದರೆ ಕ್ರೌನ್ ತಿರುಗುವುದು ಒಂದೇ ಸುತ್ತು. ಚಕ್ರಕ್ಕೆ 16 ಸುತ್ತು ಕೊಟ್ಟಾಗ ಶಾಫ್ಟ್‌ನ ಗುರುತು ಸರಿಯಾಗಿ 39 ಸಲ ಮೇಲೆ ಬಂತು.

ಮುಂದಿನ ಹೌಸಿಂಗ್‌ಗೂ, ಟೂ-ವೀಲ್‌ನಲ್ಲಿಟ್ಟು ಹಬ್ ಲಾಕ್ ಮಾಡಿ (ಚಕ್ರವನ್ನು ಆಕ್ಸಲ್‌ಗೆ ಜೋಡಿಸಿ), ಇದೇ ಪರೀಕ್ಷೆ. ಅಲ್ಲಿ ಸಿಕ್ಕಿದ್ದು 43, ಅಂದರೆ 43/8. ಇದು ದೊಡ್ಡ ತೊಂದರೆ. ಫೋರ್-ವೀಲ್ ಹಾಕಿದರೆ ಹಿಂದಿನ ಚಕ್ರ 10 ಮೀಟರ್ ಉರುಳುವಷ್ಟರಲ್ಲಿ ಮುಂದಿನದು ಉರುಳಲು ಹೊರಡುವುದು ಸುಮಾರು 9.07 ಮೀಟರ್. ಕೆಸರಿನಲ್ಲಿ ಟಯರು ಜಾರಿ ಹೊಂದಿಕೊಳ್ಳುತ್ತದೆ. ಟಾರು ರಸ್ತೆಯಲ್ಲಿ ಆ ಬಿಗಿತವೆಲ್ಲ ಯೂನಿವರ್ಸಲ್ ಜಾಯಿಂಟಿಗೂ ಟ್ರಾನ್ಸ್‌ಫರ್ ಕೇಸ್‌ಗೂ ಬೀಳುತ್ತದೆ, ಲಿವರ್ ವಾಪಸು ಬರದೆ ಕಚ್ಚಿಕೊಳ್ಳುತ್ತದೆ. 39/8 ಇರುವ ಮುಂದಿನ ಹೌಸಿಂಗ್ ಸಿಗುವ ತನಕ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಡುವುದೇ ಸರಿ.