ಆ ಹುಡುಗಿ ಮುಖ ತಿರುಗಿಸಿದಳು

ಮೊನ್ನೆ ಭಾನುವಾರದಿಂದ ಒಂದೇ ನೋಟ ಕಣ್ಣ ಮುಂದೆ ಬರುತ್ತಿದೆ. ಪಂಜರದ ಬಲೆ ಹಿಡಿದು ಒಂದು ಮಂಗನ ಮರಿ ಕೂಗುತ್ತಿದೆ. ಅದರ ಪುಟ್ಟ ಕೈ ಬಲೆಯಿಂದ ಹೊರಗೆ ಚಾಚಿದೆ. ಎದುರಿಗಿದ್ದ ಹುಡುಗಿ ಹಣ್ಣಿನ ತಟ್ಟೆಯನ್ನು ಒಳಗೆ ಸರಿಸಿದಳು, ಮುಖ ತಿರುಗಿಸಿದಳು, ಹಿಂದೆ ನೋಡದೆ ನಡೆದೇಬಿಟ್ಟಳು.

ಆ ಮರಿಯನ್ನು ಬಟ್ಟೆಯಲ್ಲಿ ಎದೆಗೆ ಕಟ್ಟಿಕೊಂಡು ರಾತ್ರಿಯಿಡೀ ಕೂತಿದ್ದವಳು ಇದೇ ಹುಡುಗಿ.

ಮರಿಯ ತಾಯಿ ಸತ್ತದ್ದು ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ, ನಮ್ಮ ಮಾವನ ತೋಟದ ಬದಿಯಲ್ಲಿ. ಹಲಸಿನ ಮರದಿಂದ ಕರೆಂಟು ತಂತಿಗೆ ಹಾರಿತ್ತು. ಒಂದೇ ತಂತಿ ಹಿಡಿದು ನೇತಾಡಿದರೆ ಮಂಗಕ್ಕೆ ಏನೂ ಆಗುವುದಿಲ್ಲ. ಅದೇ ಹೊತ್ತಿಗೆ ಇನ್ನೊಂದು ತಂತಿಗೋ ಕಂಬದ ಕಬ್ಬಿಣಕ್ಕೋ ಮೈ ತಾಗಿದರೆ ಮುಗಿಯಿತು. ಹೊದಿಕೆ ಇರುವ ತಂತಿ ಹಾಕಿದರೆ ಇದು ತಪ್ಪುತ್ತದೆ. ಕಾಡಂಚಿನ ಊರುಗಳಿಗಾದರೂ ಅದು ಮೊದಲು ಬರಬೇಕು ಅಲ್ವಾ?

ಹೊಟ್ಟೆಗೆ ಅಂಟಿಕೊಂಡಿದ್ದ ಮರಿಗೆ ಜೀವ ಇತ್ತು. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿದ್ದು ಮಾವನೇ. ಮಂಗ ಅಂದರೆ ಉರಿದು ಬೀಳುವ ಮನುಷ್ಯ ಅವರು. ಎಳನೀರಿನ ಬೊಂಡ ಒಂದೂ ಉಳಿಯುವುದಿಲ್ಲ, ಎಳೆ ಅಡಿಕೆ ಜಗಿದು ಉಗಿಯುತ್ತವೆ, ಬಾಳೆಗೊನೆ ಬಲಿಯಲು ಬಿಡುವುದಿಲ್ಲ. ಗರ್ನಾಲು ಸಿಡಿಸಿ ಸಿಡಿಸಿ ಸೋತಿದ್ದಾರೆ. ಅವರ ಸಿಟ್ಟು ನಿಜವಾದದ್ದು. ಪೇಟೆಯಲ್ಲಿ ಕೂತು "ಪಾಪ ಪ್ರಾಣಿ" ಅನ್ನುವವರಿಗೆ ತೋಟದ ನಷ್ಟ ಯಾರು ಹೇಳಬೇಕು?

ಭಾನುವಾರ "ಒಮ್ಮೆ ಹೋಗಿ ನೋಡಿ ಬರುವ" ಅಂದವರೂ ಅವರೇ.

ಆರೈಕೆ ಮಾಡುವ ಜಾಗ ಕಾಡಿನ ಅಂಚಿನಲ್ಲಿದೆ. ಕೆಲಸ ಮಾಡುವವರು ಕಾಲೇಜಿನ ಹುಡುಗ ಹುಡುಗಿಯರು, ಒಬ್ಬ ಆಟೋ ಚಾಲಕ, ನಿವೃತ್ತರಾದ ಒಬ್ಬ ಟೀಚರ್. ಯಾರಿಗೂ ಸಂಬಳ ಇಲ್ಲ. ಗಾರ್ಡುಗಳ ಜೊತೆ ಮಲಯಾಳ, ತಮ್ಮೊಳಗೆ ತುಳು, ನಮ್ಮ ಜೊತೆ ಕನ್ನಡ. ಮರಿಗಳ ಹತ್ತಿರ ಮಾತ್ರ ಯಾವ ಭಾಷೆಯೂ ಇಲ್ಲ. ಮಾಸ್ಕ್ ಹಾಕಿಕೊಂಡು ಸುಮ್ನೆ ಕೆಲಸ ಮಾಡುತ್ತಾರೆ. ನಮ್ಮ ಶೀತ, ಕ್ಷಯ ಅವಕ್ಕೆ ಹರಡಬಹುದು. ಮನುಷ್ಯರ ಸ್ವರ ಅಭ್ಯಾಸವೂ ಆಗಬಾರದು.

ಮೊದಲ ದಿನಗಳಲ್ಲಿ ಹಾಗಲ್ಲ. ಆಗ ಮೈಯ ಬಿಸಿ ಇಲ್ಲದಿದ್ದರೆ ಮರಿ ಉಳಿಯುವುದಿಲ್ಲ. ಎರಡು ಮೂರು ಗಂಟೆಗೊಮ್ಮೆ ಸಿರಿಂಜಿನಲ್ಲಿ ಹನಿ ಹನಿ ಹಾಲು ಕೊಡಬೇಕು. ನಮ್ಮ ಮಕ್ಕಳ ಹಾಗೆ ಮಲಗಿಸಿ ಕುಡಿಸಲೇಬಾರದು, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ತಾಯಿಯ ಎದೆಗೆ ಅಂಟಿ ಕುಡಿಯುವ ಹಾಗೆ ನೆಟ್ಟಗೆ ಹಿಡಿದು ಕೊಡಬೇಕು. ಆಮೇಲೆ ಮೆಲ್ಲ ಮೆಲ್ಲಗೆ ಕೈ ಬಿಡಿಸಬೇಕು. ಒಂದು ಬಟ್ಟೆಯ ಗೊಂಬೆ, ಬೇರೆ ಮರಿಗಳ ಜೊತೆ, ದೂರದಿಂದ ಊಟ.

ಗೊಂಬೆ ನೋಡಿದಾಗ ಹಿಂದೆ ಓದಿದ್ದು ನೆನಪಾಯಿತು. 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಹಾರ್ಲೊ ರೀಸಸ್ ಮಂಗಗಳ ಮರಿಗಳನ್ನು ತಾಯಿಯಿಂದ ಬೇರೆ ಮಾಡಿ, ತಂತಿಯ ಗೊಂಬೆಯೊಂದನ್ನೂ ಬಟ್ಟೆಯ ಗೊಂಬೆಯೊಂದನ್ನೂ ಇಟ್ಟ. ಹಾಲು ತಂತಿಯ ಗೊಂಬೆಯಲ್ಲಿದ್ದಾಗಲೂ ಮರಿಗಳು ಜಾಸ್ತಿ ಹೊತ್ತು ಅಪ್ಪಿಕೊಂಡದ್ದು ಬಟ್ಟೆಯದನ್ನೇ. ಇಷ್ಟು ತಿಳಿಯಲು ಅಷ್ಟು ಮರಿಗಳನ್ನು ಗೋಳುಹುಯ್ದುಕೊಳ್ಳಬೇಕಿತ್ತಾ ಅನ್ನುವ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಹುಡುಗಿ ಮುಖ ತಿರುಗಿಸಿದ್ದನ್ನು ಮಾವನೂ ನೋಡಿದರು. ಅವರಿಗೆ ತಡೆಯಲಿಲ್ಲ.

"ಅಲ್ಲ ಮಗಾ, ಅಷ್ಟು ಕೂಗ್ತದೆ. ಒಮ್ಮೆ ಎತ್ತಿಕೊಂಡರೆ ಏನಾಗ್ತದೆ?"

"ಈಗ ಎತ್ತಿಕೊಂಡರೆ ನಾಳೆ ನಿಮ್ಮ ಜಗಲಿಗೆ ಬರ್ತದೆ ಮಾವ. ಆಗ ಕಲ್ಲು ಹೊಡೆಯುವವರು ನೀವೇ ಅಲ್ವಾ?"

ಅವಳ ಸ್ವರದಲ್ಲಿ ಸಿಟ್ಟು ಇರಲಿಲ್ಲ. ಕಣ್ಣು ಕೆಂಪಾಗಿತ್ತು. ಮಾವ ಮಾತಾಡಲಿಲ್ಲ.

ಈ ಎರಡು ಮಾತು ನನ್ನನ್ನು ಬಿಡುತ್ತಿಲ್ಲ. ಎಷ್ಟು ಸರಿಯಾಗಿ ಹೇಳಿದಳು! ಕೈಯಲ್ಲಿ ಬೆಳೆದ ಮಂಗ ದೊಡ್ಡದಾದ ಮೇಲೆ ಮನುಷ್ಯರಿಗೆ ಹೆದರುವುದಿಲ್ಲ. ತಿಂಡಿಗಾಗಿ ಮೈಮೇಲೆ ಹಾರುತ್ತದೆ, ಕಚ್ಚುತ್ತದೆ. ಕೊನೆಗೆ ಸರಪಳಿ, ಇಲ್ಲವೇ ಪೆಟ್ಟು. ಮುದ್ದಿಗೆಂದು ಮಂಗ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಮರಿ ಹಿಡಿದು ವಿಡಿಯೋ ಮಾಡುವವರು ಇದ್ದಾರೆ. ಅಂಥವರನ್ನು ಪ್ರಾಣಿಪ್ರಿಯರು ಅನ್ನಲು ನನ್ನಿಂದಾಗದು.

ದಾರಿ ಬದಿಯಲ್ಲಿ ಕಾರು ನಿಲ್ಲಿಸಿ ಬಿಸ್ಕತ್ತು, ಚಿಪ್ಸ್ ಎಸೆಯುವವರೂ ಹಾಗೆಯೇ. ಕೊಟ್ಟವರು ಹೋಗುತ್ತಾರೆ. ಮಂಗಗಳು ರಸ್ತೆಯಲ್ಲೇ ಉಳಿಯುತ್ತವೆ, ಗಾಡಿಗೆ ಸಿಕ್ಕಿ ಸಾಯುತ್ತವೆ. ನಮ್ಮದೇ ಜಿಲ್ಲೆಯ ತೃಕ್ಕರಿಪುರದ ಕಡೆ, ಇಡಯಿಲೆಕ್ಕಾಡಿನ ಕಾವಿನಲ್ಲಿ, ಅಂದರೆ ದೇವರ ಕಾಡಿನಲ್ಲಿ, ಓಣಂ ಸಮಯಕ್ಕೆ ಮಂಗಗಳಿಗೆ ಎಲೆ ಹಾಕಿ ಊಟ ಬಡಿಸುತ್ತಾರೆ. ಹಣ್ಣು, ತರಕಾರಿ, ಉಪ್ಪು ಹಾಕದ ಅನ್ನ. ಅಲ್ಲಿ ಊರಿಗೂ ಆ ಗುಂಪಿಗೂ ಹಳೆಯ ನಂಟಿದೆ. ಅದನ್ನು ರಸ್ತೆ ಬದಿಯ ದಾನದ ಜೊತೆ ಸೇರಿಸಲು ಮನಸ್ಸಿಲ್ಲ.

ನಮ್ಮ ಕಡೆಯ ಈ ಜಾತಿಯ ಮಂಗ, ಬಾನೆಟ್ ಮಕಾಕ್, ಇರುವುದು ದಕ್ಷಿಣ ಭಾರತದಲ್ಲಿ ಮಾತ್ರ. ಎಲ್ಲಿ ನೋಡಿದರೂ ಕಾಣುತ್ತವೆ ಅಂದುಕೊಳ್ಳುತ್ತೇವೆ. ಆದರೆ ಅಳಿವಿನ ಭಯ ಇರುವ ಪ್ರಾಣಿಗಳ ಸಾಲಿಗೆ ಇದೂ ಸೇರಿದೆ.

ಆ ಹುಡುಗಿ ಮಾಡಿದ್ದು ನನ್ನಿಂದ ಆಗುತ್ತಿತ್ತಾ ಎಂದು ಕೇಳಿಕೊಳ್ಳುತ್ತೇನೆ. ನಮಗೆ ಪ್ರೀತಿ ಅಂದರೆ ಹತ್ತಿರ ಬರುವುದು, ಅಪ್ಪಿಕೊಳ್ಳುವುದು, ತಿನ್ನಿಸುವುದು. ಆ ಮರಿ ತನ್ನನ್ನು ಮರೆಯಬೇಕು ಎಂದೇ ಅವಳು ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬರುತ್ತಾಳೆ. ಮರೆತ ದಿನ ಅವಳ ಕೆಲಸ ಗೆದ್ದ ಹಾಗೆ. ಥ್ಯಾಂಕ್ಸ್ ಹೇಳುವವರು ಯಾರೂ ಇರುವುದಿಲ್ಲ. ಅವಳ ಅಮ್ಮನಿಗೆ ಮಗಳು ರಜೆ ಹಾಳು ಮಾಡುತ್ತಿದ್ದಾಳೆ ಅನ್ನುವ ಬೇಸರವಂತೆ. ಆ ಅಮ್ಮ ಒಮ್ಮೆ ಬಂದು ನೋಡಬೇಕು.

ಹೊರಡುವಾಗ ಮಾವ ಕೇಳಿದರು, "ಇದನ್ನು ಎಲ್ಲಿ ಬಿಡ್ತೀರಿ?"

"ಮೊದಲು ಬೇರೆ ಮರಿಗಳ ಜೊತೆ ಹೊಂದಿಕೊಳ್ಳಬೇಕು ಮಾವ. ಗುಂಪಾದ ಮೇಲೆ ಇಲಾಖೆಯವರು ಹೇಳಿದಲ್ಲಿ."

"ನಮ್ಮ ತೋಟದ ಹತ್ತಿರ ಬೇಡ ಮಾರಾಯ್ತಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, ತಂತಿಗೆ ತಾಗುವ ಹಲಸಿನ ಗೆಲ್ಲನ್ನು ಈ ವಾರವೇ ಕಡಿಸುವುದಾಗಿ ಹೇಳಿದರು. ಕರೆಂಟು ಆಫೀಸಿಗೆ ಹೊದಿಕೆ ತಂತಿಯ ಅರ್ಜಿ ಬರೆಯುವ ಕೆಲಸ ನನಗೆ ಬಂದಿದೆ. ಅದರಲ್ಲಿ ಊರವರೆಲ್ಲರ ಸಹಿ ಹಾಕಿಸುವುದು ಮಾವನ ಜವಾಬ್ದಾರಿ.