ಬೀದರಿನಲ್ಲಿ ಅರ್ಧ ದಿನ: ಗುಹೆ ಮೊದಲಾ, ಊರು ಮೊದಲಾ?

ಮುಂದಿನ ಭಾನುವಾರ ಅತ್ತೆಯ ಜೊತೆ ಬೀದರ್‌ಗೆ ಹೊರಟಿದ್ದೇನೆ. ಕೈಯಲ್ಲಿರೋದು ಅರ್ಧ ದಿನ. ಝರಣಿ ನರಸಿಂಹನ ಗುಹೆಯೂ ಆಗಬೇಕು, ಹಳೇ ಊರಿನಲ್ಲಿ ಒಂದು ಸುತ್ತೂ ಆಗಬೇಕು.

ನನ್ನ ಲೆಕ್ಕದಲ್ಲಿ ಗುಹೆ ಕೊನೆಗೆ. ಒದ್ದೆ ಬಟ್ಟೆಯಲ್ಲಿ ಊರು ಸುತ್ತೋಕೆ ಆಗುತ್ತಾ? ಅತ್ತೆ ಒಪ್ಪಲಿಲ್ಲ. "ದರ್ಶನ ಆಗೋತನಕ ನಾ ಏನೂ ತಿನ್ನಂಗಿಲ್ಲವಾ" ಅಂದರು. ಅಲ್ಲಿಗೆ ಮಾತು ಮುಗಿಯಿತು.

ಗುಹೆ ಅಂದರೆ ಬೆಟ್ಟದಡಿ ಕೊರೆದ ಸುಮಾರು 300 ಮೀಟರ್ ಸುರಂಗ. ಎದೆಮಟ್ಟದ ನೀರಿನಲ್ಲೇ ನಡೆದು ಹೋಗಬೇಕು. ಸೂರಿನಲ್ಲಿ ಬಾವಲಿಗಳು. ಮಕ್ಕಳನ್ನು ಅಪ್ಪಂದಿರು ಹೆಗಲ ಮೇಲೆ ಕೂರಿಸಿಕೊಂಡಿರುತ್ತಾರೆ. ಹೋದ ಸಲ ನಾನು ಫೋನನ್ನು ತಲೆ ಮೇಲೆ ಎತ್ತಿ ಹಿಡಿದೇ ನಡೆದೆ, ಎರಡು ದಿನ ತೋಳು ನೋವು. ಈ ಸಲ ಅದು ಬ್ಯಾಗಲ್ಲೇ ಇರಲಿ. ನೀರು ಕಡಿಮೆಯಾದಾಗ ಒಳಗೆ ಬಿಡದೇ ಇರೋದೂ ಉಂಟು, ಮೊದಲೇ ವಿಚಾರಿಸಬೇಕು.

ಬಟ್ಟೆ ಬದಲಿಸಿ, ತಿಂಡಿ ತಿಂದು, ಆಟೋದಲ್ಲಿ ಚೌಬಾರಾಗೆ. ನಾಲ್ಕು ದಾರಿ ಸೇರುವಲ್ಲಿ ನಿಂತ ಗುಂಡನೆಯ ಗೋಪುರ ಅದು. ಅಲ್ಲಿಂದ ಕೋಟೆ ಕಡೆ ನಡೆದರೆ ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ, 1472ರದ್ದು. ಹಿಂದೆಂದೋ ಸಿಡಿಮದ್ದು ಸ್ಫೋಟಿಸಿ ಮುಂಭಾಗ ಅರ್ಧ ಹೋಗಿದೆ. ಉಳಿದ ಮಿನಾರಿನ ಮೇಲೆ ಅಲ್ಲಲ್ಲಿ ನೀಲಿ ಹೆಂಚಿನ ಚೂರುಗಳು. ನನಗೆ ಅವೇ ಜಾಸ್ತಿ ಇಷ್ಟ.

ಬಿದ್ರಿ ಅಂಗಡಿಯಲ್ಲೂ ಸ್ವಲ್ಪ ಹೊತ್ತು ಕೂರಬೇಕು. ಸತು-ತಾಮ್ರದ ಪಾತ್ರೆಗೆ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣು, ನವಸಾಗರ ಅನ್ನೋ ಲವಣ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ.

ಕೋಟೆಗೆ ಹೊತ್ತು ಸಾಲದು. ಸುಮ್ನೆ ಬಾಗಿಲತನಕ ಹೋಗಿ ಬರೋದು, ಅತ್ತೆಯ ಮಂಡಿ ಒಪ್ಪಿದರೆ.